‘ಕಲ್ಮಿಕ್’ ಎಂದರೆ ‘ಉಳಿದುಹೋದವರು’ ಅಂತಾನಾ?

ಪ್ರಶ್ನೆ: ಮುಂಡಗೋಡಿನ ಟಿಬೆಟನ್ ಕ್ಯಾಂಪಿನ ಗೋಮಾಂಗ್ ಮಠದಲ್ಲಿ ರಷ್ಯಾದಿಂದ ಬಂದ ಕಲ್ಮಿಕ್ ಭಿಕ್ಷುಗಳನ್ನು ನೋಡಿದೆ. 1771ರಲ್ಲಿ ವೋಲ್ಗಾ ನದಿ ದಾಟಲಾಗದೆ ಉಳಿದುಹೋದ ಮಂಗೋಲರಿಗೆ ‘ಕಲ್ಮಿಕ್’ ಎಂಬ ಹೆಸರು ಬಂತು ಅಂತ ಒಂದು ವಿಡಿಯೊದಲ್ಲಿ ಕೇಳಿದೆ. ನಿಜವೇ?

ಸುಳ್ಳು. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಹಾಗಾಗಿ ಈ ಸಲ ಇದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ.

1771ರ ಘಟನೆ ನಿಜ. ಆ ಜನವರಿಯಲ್ಲಿ ಕಲ್ಮಿಕರ ದೊರೆ ಉಬಾಶಿ ಖಾನ್ ಒಂದೂವರೆ ಲಕ್ಷಕ್ಕೂ ಜಾಸ್ತಿ ಜನರನ್ನು ಕರೆದುಕೊಂಡು, ವೋಲ್ಗಾ ಬಯಲು ಬಿಟ್ಟು ಹಿರಿಯರ ನಾಡಾದ ಝುಂಗಾರಿಯದ (ಇಂದಿನ ಚೀನಾದ ವಾಯವ್ಯ ಭಾಗ) ಕಡೆ ಹೊರಟ. ಹಸಿವು, ಚಳಿ, ದಾರಿಯುದ್ದಕ್ಕೂ ದಾಳಿ. ಅರ್ಧಕ್ಕಿಂತ ಜಾಸ್ತಿ ಜನ ಊರು ಮುಟ್ಟಲೇ ಇಲ್ಲ. ಆ ವರ್ಷ ನದಿ ಗಟ್ಟಿಯಾಗಿ ಹೆಪ್ಪುಗಟ್ಟಲಿಲ್ಲ, ಅದಕ್ಕೇ ಪಶ್ಚಿಮ ದಡದವರು ದಾಟಿ ಬಂದು ಸೇರಿಕೊಳ್ಳಲಾಗಲಿಲ್ಲ ಅನ್ನುತ್ತಾರೆ. ಇಂದಿನ ಕಲ್ಮಿಕರು ಬಹುಪಾಲು ಹಾಗೆ ಉಳಿದವರ ಸಂತತಿ. ಇಷ್ಟು ಸರಿ.

ಆದರೆ ಹೆಸರು? 1574ರಲ್ಲಿ ರಷ್ಯಾದ ದೊರೆ ತ್ಸಾರ್ ಇವಾನ್ ಸ್ಟ್ರೊಗಾನೊವ್ ಮನೆತನದ ವ್ಯಾಪಾರಿಗಳಿಗೆ ಕೊಟ್ಟ ಪತ್ರದಲ್ಲೇ ಕಲ್ಮಿಕರ ಹೆಸರಿದೆ. ಅದಕ್ಕೂ ಹಿಂದೆ, 15ನೇ ಶತಮಾನದ ಪರ್ಷಿಯನ್ ಬರಹಗಳಲ್ಲಿ ‘ಕಲ್ಮಾಕ್’ ಅಂತ ಸಿಗುತ್ತದೆ. ಆಗಿನ್ನೂ ಈ ಜನ ವೋಲ್ಗಾ ತೀರಕ್ಕೆ ಬಂದೇ ಇರಲಿಲ್ಲ. ಬಂದದ್ದು 17ನೇ ಶತಮಾನದಲ್ಲಿ. ನದಿಯನ್ನೇ ನೋಡದವರಿಗೆ ‘ನದಿ ದಾಟದೆ ಉಳಿದವರು’ ಅಂತ ಹೆಸರು ಬರುವುದು ಹೇಗೆ? ಯಾವ ಪದದ ಅರ್ಥ ಹೇಳುವ ಮೊದಲೂ ಅದು ಯಾವಾಗಿನಿಂದ ಬಳಕೆಯಲ್ಲಿದೆ ಅಂತ ನೋಡಬೇಕು. ವಿಡಿಯೊ ಮಾಡುವವರು ಈ ಒಂದು ಕೆಲಸ ಮಾತ್ರ ಮಾಡುವುದಿಲ್ಲ.

ಇನ್ನೊಂದು ವಿವರಣೆ ಇದಕ್ಕಿಂತ ಹಳೆಯದು. ತುರ್ಕಿ ಭಾಷೆಯಲ್ಲಿ ‘ಕಲ್ಮಾಕ್’ ಅಂದರೆ ಉಳಿಯುವುದು. ಅಕ್ಕಪಕ್ಕದ ತುರ್ಕಿ ಜನ ಇಸ್ಲಾಮಿಗೆ ಸೇರಿದರು, ಇವರು ಸೇರದೆ ಹಳೆಯ ನಂಬಿಕೆಯಲ್ಲೇ ಉಳಿದರು, ಅದಕ್ಕೇ ಈ ಹೆಸರು ಅನ್ನುವ ವಾದ. ಕಾಲದ ಲೆಕ್ಕಕ್ಕೆ ಇದು ಹೊಂದುತ್ತದೆ. ಒಳ್ಳೆಯ ವಿದ್ವಾಂಸರೂ ಬರೆದಿದ್ದಾರೆ. ಆದರೂ ನನಗೆ ಒಪ್ಪಿಗೆಯಿಲ್ಲ, ವ್ಯಾಕರಣ ಅಡ್ಡ ಬರುತ್ತದೆ. ‘ಕಲ್ಮಾಕ್’ ಅನ್ನುವುದು ಉಳಿಯುವ ಕೆಲಸದ ಹೆಸರು, ಉಳಿದವರ ಹೆಸರಲ್ಲ. ‘ಉಳಿದದ್ದು’ ಅನ್ನಲು ಇಂದಿನ ತುರ್ಕಿಯಲ್ಲಿ ‘ಕಲಾನ್’ ಎಂಬ ಬೇರೆ ರೂಪವಿದೆ. ಊರು ಬಿಡದ ಜನರನ್ನು ನಾವು ‘ಉಳಿದವರು’ ಅನ್ನುತ್ತೇವೆ, ‘ಉಳಿಯುವುದು’ ಅಂತ ಕರೆಯುತ್ತೇವಾ? ಪದ ಕೇಳಿಸುವ ರೀತಿ ಮೊದಲು ಕಿವಿಗೆ ಬಿತ್ತು, ಕಥೆ ಆಮೇಲೆ ಹುಟ್ಟಿತು ಅಂತಲೇ ನನ್ನ ಅಭಿಪ್ರಾಯ.

ಅನುಮಾನವೇ ಇಲ್ಲದ ಸಂಗತಿ ಒಂದಿದೆ. ಇದು ಹೊರಗಿನವರು ಕೊಟ್ಟ ಹೆಸರು. ಕಲ್ಮಿಕರು ತಮ್ಮನ್ನು ಕರೆದುಕೊಳ್ಳುತ್ತಿದ್ದದ್ದು ‘ಒಯ್ರಾತ್’ ಅಂತ. ಮಂಗೋಲ್ ಭಾಷೆಯಲ್ಲಿ ‘ಓಯ್’ ಅಂದರೆ ಕಾಡು, ‘ಓಯ್ರ್’ ಅಂದರೆ ಹತ್ತಿರ. ಕಾಡಿನ ಜನ ಅನ್ನುವವರೂ ಇದ್ದಾರೆ, ಹತ್ತಿರದವರು, ಮಿತ್ರರು ಅನ್ನುವವರೂ ಇದ್ದಾರೆ. 1207ರ ಹೊತ್ತಿಗೆ ಚಂಗೀಸ್ ಖಾನನ ಮಗ ಜೋಚಿಗೆ ಶರಣಾದ ‘ಕಾಡಿನ ಜನ’ರಲ್ಲಿ ಒಯ್ರಾತರೂ ಇದ್ದರು. ಹಾಗಾಗಿ ನನ್ನ ಒಲವು ಮೊದಲನೆಯದರ ಕಡೆಗೆ.

ಆದರೆ ಹೊರಗಿನ ಹೆಸರು ಅಂದ ಮಾತ್ರಕ್ಕೆ ಅದು ಅವರದಲ್ಲ ಅನ್ನಬೇಡಿ. ಮುಂಡಗೋಡಿನ ಚಹಾದ ಅಂಗಡಿಯೊಂದರಲ್ಲಿ ಒಬ್ಬ ಯುವ ಭಿಕ್ಷು ನನ್ನ ನೋಟ್‌ಬುಕ್ಕಿನಲ್ಲಿ ತಮ್ಮ ಭಾಷೆಯಲ್ಲಿ ‘ಕಲ್ಮಿಕ್’ ಅನ್ನುವುದನ್ನು ರಷ್ಯನ್ ಲಿಪಿಯ ಆರು ಅಕ್ಷರಗಳಲ್ಲಿ ಬರೆದುಕೊಟ್ಟರು: ‘ಹಲ್ಮ್‌ಗ್’. ಕೊನೆಯ ಎರಡು ವ್ಯಂಜನಗಳ ನಡುವೆ ಸ್ವರವೇ ಕೇಳಿಸಲಿಲ್ಲ. ನಾನು ‘ಹಲ್ಮಗ’ ಅಂದೆ. ಅವರು ಮೂರು ಸಲ ತಿದ್ದಿದರು, ನಗಲಿಲ್ಲ. ಯಾಕೆ ಅಂತ ಆಮೇಲೆ ಅರ್ಥವಾಯಿತು. 1943ರ ಡಿಸೆಂಬರ್ 28ರಂದು ಸ್ಟಾಲಿನ್ ಸರ್ಕಾರ 90 ಸಾವಿರಕ್ಕೂ ಜಾಸ್ತಿ ಕಲ್ಮಿಕರನ್ನು ಜಾನುವಾರು ಸಾಗಿಸುವ ರೈಲು ಡಬ್ಬಿಗಳಲ್ಲಿ ತುಂಬಿ ಸೈಬೀರಿಯಾಕ್ಕೆ ಅಟ್ಟಿತು. ಅವರ ಗಣರಾಜ್ಯವನ್ನೇ ರದ್ದು ಮಾಡಿತು. ರಾಜಧಾನಿ ಎಲಿಸ್ತಾದ ಹೆಸರು ‘ಸ್ತೆಪ್‌ನೊಯ್’ ಎಂದಾಯಿತು. 1957ರವರೆಗೆ ಆ ಜನರ ಹೆಸರು ನಕ್ಷೆಯಲ್ಲೇ ಇರಲಿಲ್ಲ. ಇಷ್ಟು ಅನುಭವಿಸಿ ಉಳಿಸಿಕೊಂಡ ಹೆಸರಿಗೆ ಸುಮ್ನೆ ಯಾರೋ ಕಟ್ಟಿದ ಕಥೆ ಅಂಟಿಸಿ ಹಂಚುವುದು ನನಗೆ ಸಹಿಸಲಾಗುವುದಿಲ್ಲ.

ಪ್ರಶ್ನೆ: ‘ಕಲ್ಮಿಕ್’ ಸಂಸ್ಕೃತದ ‘ಕಲ್ಮಷ’ದಿಂದ ಬಂದಿದೆಯಂತೆ?

ಇಲ್ಲ. ಎರಡು ಪದ ಒಂದೇ ಥರ ಕೇಳಿಸಿತು ಅಂತ ಇಡೀ ಜನಾಂಗವನ್ನು ಕೊಳೆ ಅಂತ ಕರೆಯುವುದು ತಪ್ಪು. ಆ ಸಂದೇಶ ಕಳಿಸಿದವರಿಗೂ ಹೇಳಿ.

ಪ್ರಶ್ನೆ: ಮನೆಯ ಮಗುವಿಗೆ ಡೌನ್ ಸಿಂಡ್ರೋಮ್ ಇದೆ. ಹಿರಿಯ ಡಾಕ್ಟರೊಬ್ಬರು ‘ಮಂಗೋಲ್ ಮಗು’ ಅಂದರು. ಮಂಗೋಲರಿಗೂ ಇದಕ್ಕೂ ಸಂಬಂಧವಿದೆಯೇ?

ಏನೂ ಇಲ್ಲ. 1866ರಲ್ಲಿ ಇಂಗ್ಲೆಂಡಿನ ಡಾಕ್ಟರ್ ಡೌನ್ ಮುಖದ ಹೋಲಿಕೆ ನೋಡಿ ಹಾಗೆ ಬರೆದರು. ಮಂಗೋಲಿಯಾ ಆಕ್ಷೇಪಿಸಿದ ಮೇಲೆ 1965ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಪದ ಕೈಬಿಟ್ಟಿತು. ನಿಮ್ಮ ಡಾಕ್ಟರಿಗೆ ಇದನ್ನು ಮುಖಕ್ಕೇ ಹೇಳಿ, ಸಂಕೋಚ ಬೇಡ.

ಪ್ರಶ್ನೆ: ಮೊಘಲರು ಎಂದರೆ ಮಂಗೋಲರೇ?

ಪದ ಅದೇ, ಪರ್ಷಿಯನ್ನರ ಬಾಯಲ್ಲಿ ಹಾಗಾಯಿತು. ಬಾಬರ್ ತಾಯಿಯ ಕಡೆಯಿಂದ ಚಂಗೀಸ್ ಖಾನನ ವಂಶ, ತಂದೆಯ ಕಡೆಯಿಂದ ತೈಮೂರನ ವಂಶ.