ಮನೆಯೊಳಗೆ ತೆಗೆದ ಮಕ್ಕಳ ಫೋಟೋ ಯಾಕೆ ಮಸುಕಾಗುತ್ತದೆ? ಹೊಸದಾಗಿ ಕ್ಯಾಮೆರಾ ಹಿಡಿದವರು ಏನು ಮಾಡಬೇಕು?

ಮಗುವನ್ನು ಕಿಟಕಿ ಹತ್ತಿರ ಕೂರಿಸಿ, ಶಟರ್ ಸ್ಪೀಡನ್ನು, ಅಂದರೆ ಬೆಳಕು ಒಳಬಿಡಲು ಕ್ಯಾಮೆರಾದ ಪರದೆ ತೆರೆದಿರುವ ಹೊತ್ತನ್ನು, 1/250 ಸೆಕೆಂಡಿಗೆ ಇಡಿ. ಮುಕ್ಕಾಲು ತೊಂದರೆ ಅಲ್ಲೇ ಕಳೆಯುತ್ತದೆ.

ಮನೆಯೊಳಗಿನ ಬೆಳಕು ನಮ್ಮ ಕಣ್ಣಿಗೆ ಸಾಕೆನಿಸಿದರೂ ಕ್ಯಾಮೆರಾಗೆ ತುಂಬಾ ಕಡಿಮೆ. ಆಟೋ ಮೋಡಿನಲ್ಲಿ ಬಿಟ್ಟರೆ ಅದು ಬೆಳಕು ತುಂಬಿಕೊಳ್ಳಲು ಶಟರನ್ನು ಜಾಸ್ತಿ ಹೊತ್ತು, ಕೆಲವೊಮ್ಮೆ 1/30 ಸೆಕೆಂಡ್, ತೆರೆದಿಡುತ್ತದೆ. ಅಷ್ಟರಲ್ಲಿ ಮಗು ತಲೆ ತಿರುಗಿಸಿರುತ್ತದೆ, ಅಲ್ವಾ? ಅದಕ್ಕೇ ಮಸುಕು. ಶಟರ್ ವೇಗ ಹೆಚ್ಚಿಸಿದಾಗ ಕಡಿಮೆಯಾಗುವ ಬೆಳಕನ್ನು ಬೇರೆ ಕಡೆ ಸರಿದೂಗಿಸಬೇಕು. ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಆದಷ್ಟು ಅಗಲ ಇರಲಿ. ಚಿತ್ರವನ್ನು ಬೆಳಗಿಸುವ ಐಎಸ್‌ಒ 1600 ಅಥವಾ 3200ಕ್ಕೆ ಏರಲಿ. ಸ್ವಲ್ಪ ತರಿತರಿ ಕಂಡರೂ ಪರವಾಗಿಲ್ಲ. ಅಲುಗಾಡಿದ ಮುಖವನ್ನು ಆಮೇಲೆ ಸರಿಮಾಡುವುದು ಬಹಳ ಕಷ್ಟ.

ಕಿಟಕಿ ಮಗುವಿನ ಪಕ್ಕಕ್ಕಿರಲಿ, ಬೆನ್ನ ಹಿಂದೆ ಬೇಡ. ನೇರ ಬಿಸಿಲು ಬೀಳುತ್ತಿದ್ದರೆ ತೆಳ್ಳನೆಯ ಬಿಳಿ ಪಂಚೆ ಇಳಿಬಿಡಿ. ಕೋಣೆಯ ಹಳದಿ ಬಲ್ಬ್ ಆರಿಸಿ. ಇಲ್ಲದಿದ್ದರೆ ಒಂದು ಕೆನ್ನೆ ಹಳದಿ, ಇನ್ನೊಂದು ನೀಲಿಯಾಗಿ ಕಾಣುತ್ತದೆ.

ನೀವೂ ನೆಲದ ಮೇಲೆ ಕೂತು, ಮಗುವಿನ ಕಣ್ಣಿನ ಎತ್ತರದಿಂದ, ನಿಮಗೆ ಹತ್ತಿರವಿರುವ ಕಣ್ಣಿಗೆ ಫೋಕಸ್ ಮಾಡಿ. ‘ನಗು ನಗು’ ಅಂತ ಕಾಡಬೇಡಿ. ಸುಲಿಯಲು ಒಂದು ಕಿತ್ತಳೆ ಕೊಟ್ಟು ನೋಡಿ, ಮುಖದ ಮೇಲೆ ಎಷ್ಟೊಂದು ಭಾವ ಬರುತ್ತದೆ!