ತಾಲೂಕು ಹೋಲಿಕೆಗೆ ಎನ್‌ಎಫ್‌ಎಚ್‌ಎಸ್ ಸಾಕಾಗಲ್ಲ

ಎನ್‌ಎಫ್‌ಎಚ್‌ಎಸ್-5 (ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು) ಅಂಕಿಗಳನ್ನು ಇಟ್ಟುಕೊಂಡು ರಾಯಚೂರು ಜಿಲ್ಲೆಯ ದೇವದುರ್ಗ, ಸಿಂಧನೂರು ತಾಲೂಕುಗಳ ಮಕ್ಕಳ ಬೆಳವಣಿಗೆ ಹೋಲಿಸಬಹುದಾ ಅಂತ ಕೇಳಿದ್ದೀರಿ. ಆಗಲ್ಲ. ನಮ್ಮ ರಾಜ್ಯದಲ್ಲಿ 2019ರಲ್ಲಿ ನಡೆದ ಆ ಸಮೀಕ್ಷೆಯ ಲೆಕ್ಕ ಜಿಲ್ಲೆಯ ಮಟ್ಟಕ್ಕೇ ನಿಲ್ಲುತ್ತದೆ. ಅದನ್ನು ತಾಲೂಕಿಗೆ ಒಡೆದರೆ ಸಿಗುವ ಮಕ್ಕಳು ತೀರಾ ಕಡಿಮೆ.

ತಾಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ಪೋಷಣ್ ಟ್ರ್ಯಾಕರ್ ಎಂಬ ಸರ್ಕಾರಿ ಆ್ಯಪ್‌ನ ಅಂಕಿ ಕೇಳಿ ನೋಡಿ. ಅಂಗನವಾಡಿಗಳಲ್ಲಿ ತೆಗೆದ ತೂಕ, ಎತ್ತರ ಅದರಲ್ಲಿ ಇರುತ್ತದೆ. ಆದರೆ ಕಣ್ಣು ಮುಚ್ಚಿ ನಂಬಬೇಡಿ. ಗುಳೆ ಹೋದ ಮನೆಗಳ ಮಕ್ಕಳು ಆ ತಿಂಗಳ ಲೆಕ್ಕದಿಂದ ತಪ್ಪಿಹೋಗಬಹುದು. ಹೆಚ್ಚು ಕಷ್ಟದಲ್ಲಿರುವವರೇ ಅವರು, ಅಲ್ವಾ? ಹಾಗಾಗಿ ಗುಳೆ ಜಾಸ್ತಿ ಇರುವ ಊರು ಕಾಗದದ ಮೇಲೆ ಸುಮ್ನೆ ಚೆನ್ನಾಗಿ ಕಾಣುತ್ತದೆ. ಎಷ್ಟು ಮಕ್ಕಳು ದಾಖಲಾಗಿದ್ದಾರೆ, ಎಷ್ಟು ಮಂದಿಯನ್ನು ಅಳೆದಿದ್ದಾರೆ ಅನ್ನುವುದನ್ನು ಮೊದಲು ನೋಡಿ. ಎರಡೂ ತಾಲೂಕಿಗೆ ಒಂದೇ ತಿಂಗಳು ತೆಗೆದುಕೊಳ್ಳಿ.

ಅಳತೆಯಲ್ಲೂ ಎಡವಟ್ಟು ಆಗುತ್ತದೆ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯಬೇಕು. ನಿಲ್ಲಿಸಿ ಅಳೆದಿದ್ದರೆ 0.7 ಸೆಂ.ಮೀ. ಸೇರಿಸಬೇಕು. ಹುಟ್ಟಿದ ದಿನಾಂಕ ಅಂದಾಜಿನದಾದರೆ ವಯಸ್ಸಿಗೆ ತಕ್ಕ ಎತ್ತರದ ಲೆಕ್ಕವೇ ಕೆಡುತ್ತದೆ.

ಇನ್ನು ಬೆಳವಣಿಗೆಯ ವ್ಯತ್ಯಾಸಕ್ಕೆ ಕಾರಣಗಳು. ಸಿಂಧನೂರಿಗೆ ತುಂಗಭದ್ರಾ ಎಡದಂಡೆ ಕಾಲುವೆ ಇದೆ ಅಂತ ಇಡೀ ತಾಲೂಕನ್ನು ನೀರಾವರಿ ಅಂತ ಬರೆಯಬೇಡಿ. ಕಾಲುವೆಯ ಕೊನೆ ಭಾಗದ ಊರುಗಳ ಕಥೆ ಬೇರೆ. ತಾಯಿಯ ಓದು, ಮದುವೆಯ ವಯಸ್ಸು, ಹೆರಿಗೆಗಳ ನಡುವಿನ ಅಂತರ, ಕುಡಿಯುವ ನೀರು ಇವನ್ನು ಊರುವಾರು ಸೇರಿಸಿದರೆ ತಾಲೂಕಿನ ಒಳಗಿನ ವ್ಯತ್ಯಾಸವೂ ಕಾಣುತ್ತದೆ. ನನಗೆ ಕೇಳಿದರೆ ನೀವು ಹುಡುಕಬೇಕಾದದ್ದು ಅದನ್ನೇ.