ಬಿದ್ದ ಗೆಳೆಯನಿಗೆ ಬಳಗದ ಹೆಗಲು

ಪ್ರಶ್ನೆ: ನಮ್ಮ ಸೈಕಲ್ ಬಳಗದ ಸದಸ್ಯರೊಬ್ಬರಿಗೆ ಕಾರು ಗುದ್ದಿ ತೊಡೆಮೂಳೆ ಮುರಿದು, ಆಪರೇಷನ್ ಆಗಿದೆ. ಎಂಬತ್ತು ಜನರಿದ್ದೇವೆ. ಹಣ ಕೂಡಿಸುತ್ತಿದ್ದೇವೆ. ಅವರ ಸೈಕಲ್ ರಿಪೇರಿ ಮಾಡಿಸಿಡೋಣವೇ? ಇನ್ನೇನು ಮಾಡಬಹುದು?

ಉತ್ತರ: ಸೈಕಲ್ ಮುಟ್ಟಬೇಡಿ! ಬಾಗಿದ ರಿಮ್, ಬಿರುಕುಬಿಟ್ಟ ಹೆಲ್ಮೆಟ್, ಹರಿದ ಜರ್ಸಿ ಎಲ್ಲವೂ ಸಾಕ್ಷ್ಯ. ನಾಲ್ಕೂ ಕಡೆಯಿಂದ ಫೋಟೊ ತೆಗೆದು ಹಾಗೇ ಎತ್ತಿಡಿ. ಎಫ್‌ಐಆರ್ ಪ್ರತಿ, ಡಿಸ್ಚಾರ್ಜ್ ಸಮ್ಮರಿ, ಅಸಲಿ ಬಿಲ್‌ಗಳು ಒಂದೇ ಫೈಲಿನಲ್ಲಿರಲಿ. ಆಟೊಗೆ ಕೊಟ್ಟದ್ದನ್ನೂ ಬರೆದಿಡಿ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಲು ಕಾನೂನಿನಲ್ಲಿರುವ ಗಡುವು 6 ತಿಂಗಳು. ಮನೆಯವರು ಆಸ್ಪತ್ರೆ ಓಡಾಟದಲ್ಲಿ ಇದನ್ನೇ ಮರೆಯುತ್ತಾರೆ. ಗುದ್ದಿದ ಕಾರು ಪತ್ತೆಯಾಗದಿದ್ದರೂ ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರವಿದೆ.

ಹಣ ನೇರ ಮನೆಯವರ ಖಾತೆಗೇ ಹೋಗಲಿ. ನಡುವೆ ಒಬ್ಬರ ಯುಪಿಐ ಬಂದರೆ ಲೆಕ್ಕದ ಜಗಳ ಖಚಿತ. ರಕ್ತ ಬೇಕೆಂದರೆ ಎಂಬತ್ತು ಜನರೂ ಒಂದೇ ದಿನ ಓಡಬೇಡಿ: ಒಮ್ಮೆ ಕೊಟ್ಟ ಗಂಡಸರು 90 ದಿನ, ಹೆಂಗಸರು 120 ದಿನ ಕಾಯಬೇಕು.

ಮನೆಗೆ ಬಂದ ಮೇಲೆ ಹಣ್ಣಿನ ಬುಟ್ಟಿಗಿಂತ ವಾಕರ್, ಕಮೋಡ್ ಕುರ್ಚಿ ಮುಖ್ಯ. ಭಾರತೀಯ ಶೈಲಿಯ ಶೌಚಾಲಯದಲ್ಲಿ ಕುಕ್ಕರುಗಾಲಲ್ಲಿ ಕೂರಲಾಗದು. ಎರಡನ್ನೂ ಬಾಡಿಗೆಗೆ ತರಬಹುದು. ಫಿಸಿಯೊಥೆರಪಿಗೆ ಕರೆದೊಯ್ಯುವ ಸರದಿ ಹಾಕಿಕೊಳ್ಳಿ. ಮುರಿದ ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದೆಂದು ವೈದ್ಯರೇ ಹೇಳಲಿ, ಬಳಗದ ಅನುಭವಸ್ಥರಲ್ಲ.

ಕೇಸು ಮುಗಿದು ರಿಪೇರಿಗೆ ಕೊಡುವಾಗ ಕಾರ್ಬನ್ ಫೋರ್ಕ್ (ಮುಂದಿನ ಚಕ್ರ ಹಿಡಿದಿಡುವ ಕಾರ್ಬನ್ ಫೈಬರ್ ಕವಲು) ಇದ್ದರೆ ಬದಲಿಸಿ, ಒಳಬಿರುಕು ಬಣ್ಣದಡಿ ಕಾಣದು. ಹೆಲ್ಮೆಟ್ಟಂತೂ ಹೊಸದೇ: ಒಳಗಿನ ಥರ್ಮಾಕೋಲ್ ಒಮ್ಮೆ ಜಜ್ಜಿದರೆ ಮತ್ತೆ ಉಬ್ಬುವುದಿಲ್ಲ.